ಮೇಲಿನವರು

ಬೆಳಗಿನ ಪ್ರಾರ್ಥನೆಗೆ ಕೂತವಳಿಗೆ ಅಂದು ಮೂರನೆಯ ಸಾಲು ನೆನಪಾಗಲಿಲ್ಲ. ಮಂಚದ ತುದಿಯಲ್ಲಿ ಕಾಲು ಕೆಳಗಿಟ್ಟು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸದೆ ನಲವತ್ತು ವರ್ಷದಿಂದ ಹೇಳಿಕೊಂಡು ಬಂದ ಒಂಬತ್ತು ಸಾಲುಗಳವು. ನಿದ್ದೆಗಣ್ಣಿನಲ್ಲಿದ್ದರೂ ಒಂದರ ಬೆನ್ನಿಗೊಂದು ತಾವಾಗಿಯೇ ಬರುತ್ತಿದ್ದವು. ಇವತ್ತು ಎರಡು ಬಂದು ನಿಂತುಬಿಟ್ಟವು. ಮೊದಲಿನಿಂದ ಶುರು ಮಾಡಿದಳು, ಮತ್ತೆ ಅಲ್ಲೇ ನಿಂತಿತು. ಹನ್ನೊಂದು ಗಂಟೆಗೆ ವಿಚಾರಣೆ ಎಂಬುದೊಂದೇ ಆ ಖಾಲಿ ಜಾಗದಲ್ಲಿ ಬಂದು ಕೂರುತ್ತಿತ್ತು. ಅಡುಗೆಮನೆಯಲ್ಲಿ ಗಂಡ ಟೀ ಸೋಸುವ ಸದ್ದು ಕೇಳಿಸಿತು. ಅಂಚೆ ಇಲಾಖೆಯಿಂದ ನಿವೃತ್ತನಾದ ಮೇಲೆ ಬೆಳಗಿನ ಟೀ ಅವನ ಪಾಲಿಗೆ ಬಂದಿತ್ತು, ಅದನ್ನೂ ಅವನು ಟಪಾಲು ಬಟವಾಡೆ ಮಾಡುವವನಂತೆ ಹೊತ್ತಿಗೆ ಸರಿಯಾಗಿ ತಂದಿಡುತ್ತಿದ್ದ. ಲೋಟ ಕೈಗೆ ಕೊಡುತ್ತಾ ಅವನು ನಿನ್ನೆಯಿಂದ ಹೇಳುತ್ತಿದ್ದುದನ್ನೇ ಇನ್ನೊಂದು ಸುತ್ತು ಹೇಳಿದ. ಅವಳ ನಿವೃತ್ತಿಗೆ ಇನ್ನು ಹತ್ತು ತಿಂಗಳು. ದೇಶದ ಅಧ್ಯಕ್ಷರ ಭಾಷಣದಲ್ಲಿ ಕಚೇರಿಯವರು ಬದಲಾಯಿಸಿರುವುದು ಎರಡು ಪದ. ಎರಡು ಪದಕ್ಕೋಸ್ಕರ ಮೂವತ್ತೊಂದು ವರ್ಷದ ಹೆಸರು ಕೆಡಿಸಿಕೊಳ್ಳುವವರು ಯಾರಾದರೂ ಉಂಟೇ. ಅಲ್ಲದೆ ಅಧ್ಯಕ್ಷರು ಆಡಿದ್ದರಲ್ಲಿ ತಪ್ಪಾದರೂ ಏನಿತ್ತು? ಅವಳು ಟೀ ಕುಡಿದು ಲೋಟ ತೊಳೆದಿಟ್ಟಳು. ಅಧ್ಯಕ್ಷರ ಆ ಮಾತು ಕೇಳಿದ ಹೊತ್ತಿನಲ್ಲಿ ಅವಳಿಗೂ ಅದು ಸರಿಯಾಗಿಯೇ ಕಂಡಿತ್ತು.

ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಕೈಚೀಲವನ್ನು ಎದೆಗವುಚಿಕೊಂಡು ಕಂಬಕ್ಕೆ ಒರಗಿ ನಿಂತಳು. ಚೀಲದಲ್ಲಿ ವಿಚಾರಣೆಗೆ ಒಯ್ಯಬೇಕಾದ ನೋಟ್‌ಪುಸ್ತಕವಿತ್ತು. ಸರ್ಕಾರದ ವಾರ್ತಾ ಇಲಾಖೆಯಲ್ಲಿ ಅವಳು ಶೀಘ್ರಲಿಪಿಯವಳು. ದೊಡ್ಡವರು ಭಾಷಣ ಮಾಡುವಾಗ ವೇದಿಕೆಯ ಪಕ್ಕದ ಪುಟ್ಟ ಮೇಜಿನಲ್ಲಿ ಕೂತು ಅವರಾಡಿದ ಮಾತನ್ನು ಗೀಟುಗಳಲ್ಲಿ ಹಿಡಿದು, ಆಮೇಲೆ ಟೈಪ್ ಮಾಡಿ, ಕೆಳಗೆ ಚಿಕ್ಕ ಸಹಿ ಹಾಕಿ ಕೊಡುವುದು ಕೆಲಸ. ಒಂದು ಪೆನ್ಸಿಲು ಮೊಂಡಾದರೆ ಇನ್ನೊಂದು ಬೇಕೆಂದು ಎರಡು ಮೂರನ್ನು ತುರುಬಿಗೆ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಇಡೀ ಇಲಾಖೆಗೆ ಅವಳು ಪೆನ್ಸಿಲಕ್ಕ. ಐದು ವಾರದ ಹಿಂದೆ ದೇಶದ ಅಧ್ಯಕ್ಷರು ಇಲಾಖೆಗಳ ನೌಕರರನ್ನೆಲ್ಲ ಒಂದೇ ಸಭಾಂಗಣದಲ್ಲಿ ಕೂರಿಸಿ ಮಾತಾಡಿದರು. ಫೋನುಗಳನ್ನು ಬಾಗಿಲಲ್ಲೇ ಬಟ್ಟೆಯ ಚೀಲಗಳಲ್ಲಿ ತೆಗೆದಿಟ್ಟುಕೊಂಡಿದ್ದರು. ಇಪ್ಪತ್ತು ನಿಮಿಷ ಬರೆದುಕೊಂಡು ಬಂದದ್ದನ್ನು ಓದಿದರು; ಕಡತಗಳ ವಿಲೇವಾರಿ, ಹಾಜರಾತಿ, ಜನರ ಅಲೆದಾಟ. ಆಮೇಲೆ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡರು, ಕನ್ನಡಕ ತೆಗೆದರು, ಊಟಕ್ಕೆ ಕೂತವರ ಜೊತೆ ಮಾತಾಡುವಷ್ಟು ಮೆಲ್ಲಗೆ ಇನ್ನೂ ಏಳು ನಿಮಿಷ ಮಾತಾಡಿದರು. ಬರೆಯುವ ಕೈ ಯಾವಾಗಲೂ ಕಿವಿಗಿಂತ ಒಂದು ಹೆಜ್ಜೆ ಹಿಂದಿರುತ್ತದೆ, ಹಾಗೆ ಹಿಂದಿರುವಾಗ ಅರ್ಥ ಒಳಗಿಳಿಯುವುದಿಲ್ಲ. ಯಾರು ಏನು ಹೇಳಿದರು ಎಂದು ಸಂಜೆ ಗಂಡ ಕೇಳಿದರೆ ಅವಳು ಪುಸ್ತಕ ತೆಗೆದೇ ನೋಡಬೇಕಿತ್ತು. ಅಂದು ಮಾತ್ರ ಅರ್ಥ ಕೈಯನ್ನು ದಾಟಿ ನೆಟ್ಟಗೆ ಒಳಕ್ಕೆ ಬಂತು. 'ನಂಬಿಕೆ ಇಲ್ಲದವನಿಗೆ ಸರ್ಕಾರದ ಕುರ್ಚಿಯಲ್ಲಿ ಕೂರುವ ಯೋಗ್ಯತೆ ಇಲ್ಲ. ಮೇಲಿನವನು ನೋಡುತ್ತಿದ್ದಾನೆ ಎಂಬ ಹೆದರಿಕೆ ಇಲ್ಲದವನು ಯಾವ ಕಾನೂನಿಗೂ ಹೆದರುವುದಿಲ್ಲ.' ಸಭೆ ಚಪ್ಪಾಳೆ ತಟ್ಟಿತು. ಅವಳೂ ಪೆನ್ಸಿಲು ಕೆಳಗಿಟ್ಟು ತಟ್ಟಿದಳು. ಬರೆದುಕೊಳ್ಳಲು ಕೂತವಳು ಮೇಜು ಕುರ್ಚಿಯಿದ್ದ ಹಾಗೆ, ಮೇಜು ಕುರ್ಚಿ ಚಪ್ಪಾಳೆ ತಟ್ಟುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು. ತಟ್ಟುತ್ತಲೇ ಅವಳ ಕಣ್ಣು ಎರಡನೆಯ ಸಾಲಿಗೆ ಹೋಯಿತು. ಅಲ್ಲಿ ಕೆಂಪು ಮೇಷ್ಟ್ರು ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು.

ಕೆಂಪು ಮೇಷ್ಟ್ರು ಎಂದರೆ ಇಲಾಖೆಯಲ್ಲಿ ಕರಡು ತಿದ್ದುವವರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕೆಂಪು ಶಾಯಿಯ ಪೆನ್ನಿನಿಂದ ಎಲ್ಲರ ತಪ್ಪೂ ಹಿಡಿಯುತ್ತಿದ್ದರಿಂದ ಆ ಹೆಸರು. ಇಪ್ಪತ್ತಾರು ವರ್ಷದಿಂದ ಅವಳ ಎದುರು ಮೇಜು. ಅವರಿಗೆ ದೇವರಿರಲಿಲ್ಲ. ಅದನ್ನು ಸಾರಿಕೊಂಡು ತಿರುಗಿದವರೂ ಅಲ್ಲ, ಯಾರಾದರೂ ಕೇಳಿದರೆ ಸಕ್ಕರೆ ಬೇಡ ಎನ್ನುವಷ್ಟೇ ಸಲೀಸಾಗಿ ಇಲ್ಲ ಎನ್ನುತ್ತಿದ್ದರು. ಅವಳ ಮಗಳಿಗೆ ಎಂಟು ವರ್ಷವಿದ್ದಾಗ ಜ್ವರ ತಲೆಗೇರಿ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ರಜೆ ಮುಗಿದುಹೋಗಿತ್ತು. ಆ ದಿನಗಳಲ್ಲಿ ಇವಳ ಮೇಜಿನ ಕೆಲಸವನ್ನೂ ಮೇಷ್ಟ್ರೇ ಎಳೆದುಕೊಂಡು ಮಾಡಿದರು, ಟೈಪಾದ ಹಾಳೆಗಳ ಕೆಳಗೆ ಇವಳ ಚಿಕ್ಕ ಸಹಿಯನ್ನು ತಾವೇ ಹಾಕಿದರು. ಒಂದು ಕೊಂಬು ದೀರ್ಘವಾದರೆ ಇಡೀ ಹಾಳೆಯನ್ನು ವಾಪಸ್ಸು ಕಳಿಸುವ ಮನುಷ್ಯ ಅಷ್ಟು ದಿನ ಖೋಟಾ ಸಹಿ ಹಾಕಿದ್ದರು, ಅದರ ಬಗ್ಗೆ ಒಂದು ದಿನವೂ ಬಾಯಿ ಬಿಡಲಿಲ್ಲ. ಮಗಳು ಎದ್ದು ಕೂತ ಮೇಲೆ ಇವಳು ಕಚೇರಿಗೆ ಹೋಗಿ ದೇವರು ಕಾಪಾಡಿದ ಎಂದು ಎಲ್ಲರ ಮುಂದೆ ಕಣ್ಣೊರೆಸಿಕೊಂಡಳು. ಆಗ ಮೇಷ್ಟ್ರು ಕಾಗದದಿಂದ ತಲೆಯೆತ್ತದೆ, "ಡಾಕ್ಟರಿಗೂ ಒಂದು ಮಾತು ಹೇಳಿ ಅಕ್ಕ," ಎಂದಿದ್ದರು. ಯಾರೋ ಕಿಸಕ್ಕನೆ ನಕ್ಕರು. ಆ ಹತ್ತೊಂಬತ್ತು ದಿನದ ಉಪಕಾರ ಅವಳಿಗೆ ಆಗೊಮ್ಮೆ ಈಗೊಮ್ಮೆ ನೆನಪಾಗುತ್ತಿತ್ತು. ಆ ಒಂದು ಮಾತು ಹದಿನೆಂಟು ವರ್ಷದಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಅಲ್ಲೇ ಇತ್ತು. ಸಭಾಂಗಣದಲ್ಲಿ ಅವಳ ಕೈಯಿಂದ ಚಪ್ಪಾಳೆ ತಟ್ಟಿಸಿದ್ದು ಭಕ್ತಿಯೋ ಆ ನಾರೋ, ಬಸ್ಸಿನ ಕಂಬ ಹಿಡಿದು ನಿಂತವಳಿಗೆ ಖಚಿತವಾಗಲಿಲ್ಲ. ತಾನು ತಟ್ಟಿದ್ದನ್ನು ಅವರು ಕಂಡರೋ ಇಲ್ಲವೋ ಎಂಬುದೂ ಖಚಿತವಿರಲಿಲ್ಲ, ಕೇಳುವ ಧೈರ್ಯವೂ ಬಂದಿರಲಿಲ್ಲ.

ಭಾಷಣವಾದ ಮೂರನೆಯ ದಿನ ನಿರ್ದೇಶಕರ ಕೋಣೆಯಿಂದ ಒಂದು ರಿಜಿಸ್ಟರು ಹೊರಟು ಮೇಜಿಂದ ಮೇಜಿಗೆ ತಿರುಗಿತು. ನಾನು ದೇವರಲ್ಲಿ ನಂಬಿಕೆಯುಳ್ಳವನಾಗಿ ಸರ್ಕಾರದ ಸೇವೆ ಸಲ್ಲಿಸುತ್ತೇನೆ ಎಂದು ಮೇಲೆ ಅಚ್ಚಾಗಿತ್ತು, ಕೆಳಗೆ ಹೆಸರು, ಹುದ್ದೆ, ಸಹಿ. ಅದನ್ನು ಮಾಡಿ ಎಂದು ಅಧ್ಯಕ್ಷರೇನೂ ಹೇಳಿರಲಿಲ್ಲ; ಅವರು ಹೇಳುವ ಮೊದಲೇ ಮಾಡಿ ತೋರಿಸಬೇಕೆಂಬ ಆತುರ ಕೆಳಗಿನವರದು. ಅವಳು ಸಹಿ ಹಾಕಿದಳು. ರಿಜಿಸ್ಟರು ಎದುರು ಮೇಜಿಗೆ ಹೋಯಿತು. ಮೇಷ್ಟ್ರು ಅದನ್ನು ಓದಿ, ಅಭ್ಯಾಸಬಲದಿಂದ ಒಂದು ಅಕ್ಷರದೋಷಕ್ಕೆ ಕೆಂಪು ಗುರುತು ಹಾಕಿ, ತಮ್ಮ ಹೆಸರಿನ ಮುಂದೆ 'ಇದು ನನಗೆ ಅನ್ವಯಿಸುವುದಿಲ್ಲ' ಎಂದು ಬರೆದು ಮುಂದಕ್ಕೆ ತಳ್ಳಿದರು. ಸಂಜೆಗೆ ಅಮಾನತಿನ ಆದೇಶ ಬಂತು. ಡ್ರಾಯರಿನಿಂದ ಕನ್ನಡಕದ ಡಬ್ಬಿ, ನಿಘಂಟು, ಎರಡು ಪೆನ್ನು ಎತ್ತಿಕೊಂಡು ಅವರು ಹೊರಟಾಗ ಇವಳು ಯಾವುದೋ ಹಾಳೆಯನ್ನು ಟೈಪ್‌ರೈಟರಿಗೆ ಸಿಕ್ಕಿಸುತ್ತಾ ಕೂತಿದ್ದಳು. ಅದು ಸರಿಯಾಗಿ ಕೂರಲೊಲ್ಲದು. ಅವರು ಬಾಗಿಲು ದಾಟುವವರೆಗೂ ಕೂರಲಿಲ್ಲ.

ಆಮೇಲೆ ಪತ್ರಿಕೆಗಳು ಇದನ್ನು ಹಿಡಿದುಕೊಂಡವು. ಹೊರದೇಶಗಳಲ್ಲಿಯೂ ಮಾತಾಯಿತು. ಅಧ್ಯಕ್ಷರ ಕಚೇರಿಯಿಂದ ಹೇಳಿಕೆ ಬಂತು: ಅಧ್ಯಕ್ಷರು ದೇವರ ವಿಷಯವನ್ನೇ ಎತ್ತಿಲ್ಲ. ಅವರು ಹೇಳಿದ್ದು ನಂಬಿಕಸ್ಥರ ಬಗ್ಗೆ. ನಂಬಿಕಸ್ಥನಲ್ಲದವನಿಗೆ ಸರ್ಕಾರದ ಕುರ್ಚಿಯಲ್ಲಿ ಕೂರುವ ಯೋಗ್ಯತೆ ಇಲ್ಲ, ಮೇಲಿನವರು ನೋಡುತ್ತಿದ್ದಾರೆ ಎಂಬ ಹೆದರಿಕೆ ಇಲ್ಲದವನು ಯಾವ ಕಾನೂನಿಗೂ ಹೆದರುವುದಿಲ್ಲ. ಮೇಲಿನವರು ಎಂದರೆ ಮೇಲಧಿಕಾರಿಗಳು. ಸಭಾಂಗಣದ ಧ್ವನಿಮುದ್ರಣ ತಾಂತ್ರಿಕ ಕಾರಣದಿಂದ ಲಭ್ಯವಿಲ್ಲ. ರಿಜಿಸ್ಟರು ಮಾಯವಾಯಿತು, ಅದು ಇತ್ತೆಂಬುದೇ ಸುಳ್ಳಾಯಿತು. ಹಾಗಾದರೆ ಮೇಷ್ಟ್ರನ್ನು ಮನೆಗೆ ಕಳಿಸಿದ್ದು ಯಾತಕ್ಕೆ ಎಂಬ ಪ್ರಶ್ನೆ ಉಳಿಯಿತು. ಅಮಾನತಿಗೆ ಉತ್ತರ ಕೊಡುವಾಗ ಅವರು ಅಧ್ಯಕ್ಷರ ಮಾತನ್ನು ಕೇಳಿದ ಹಾಗೆಯೇ ಬರೆದಿದ್ದರು. ಈಗ ಅದೇ ಅಪರಾಧವಾಯಿತು: ರಾಷ್ಟ್ರನಾಯಕರ ಮಾತನ್ನು ತಿರುಚಿದ ಆರೋಪ. ಸಾಬೀತಾದರೆ ವಜಾ. ಅದೇ ವಾರ ನಿರ್ದೇಶಕರು ಇವಳನ್ನು ಕರೆಸಿಕೊಂಡರು. ವಯಸ್ಸಿನಲ್ಲಿ ಹದಿನೈದು ವರ್ಷ ಚಿಕ್ಕವರು, ಎದ್ದು ನಿಂತು ಕುರ್ಚಿ ತೋರಿಸಿದರು. "ಅಮ್ಮ, ಎರಡೇ ಪದ. ನಿಮ್ಮ ಗೀಟುಗಳನ್ನ ನಿಮ್ಮನ್ನ ಬಿಟ್ರೆ ಇನ್ಯಾರು ಓದ್ತಾರೆ ಹೇಳಿ?" ಅದು ನಿಜವೇ ಆಗಿತ್ತು. ಕಲಿತ ಲಿಪಿ ಒಂದಾದರೂ ವರ್ಷಗಟ್ಟಲೆ ಬಳಸಿ ಅವಳ ಗೀಟುಗಳು ಅವಳಂತೆಯೇ ಆಗಿಬಿಟ್ಟಿದ್ದವು. ಅವಳು ಹೊಸ ಹಾಳೆ ಸಿಕ್ಕಿಸಿ ಟೈಪ್ ಮಾಡಿದಳು. ನಂಬಿಕಸ್ಥನಲ್ಲದವನಿಗೆ ಎಂದು ಬಡಿಯುವಾಗ ಅವಳಿಗೆ ಪಾಪದ ಯೋಚನೆ ಬರಲಿಲ್ಲ. ಬಂದದ್ದು ಇದು ಬಾಯಲ್ಲಿ ಆಡುವ ಮಾತಲ್ಲ, ಯಾರೂ ವೇದಿಕೆಯ ಮೇಲೆ ನಿಂತು ಹೀಗೆ ಅನ್ನುವುದಿಲ್ಲ, ನಾಲಿಗೆ ತೊಡರುತ್ತದೆ ಎಂಬ ಯೋಚನೆ. ಮೇಲಿನವನು ಎಂಬಲ್ಲಿ ಮೇಲಿನವರು ಎಂದು ಹಾಕಿದಳು. ದೇವರಿಗೆ ಏಕವಚನ, ಮೇಲಧಿಕಾರಿಗೆ ಬಹುವಚನ, ವ್ಯಾಕರಣವೇನೋ ಸರಿಯಾಗಿಯೇ ಇತ್ತು. ಕೆಳಗೆ ಚಿಕ್ಕ ಸಹಿ ಹಾಕಿ ಕೊಟ್ಟಳು. ನೋಟ್‌ಪುಸ್ತಕವನ್ನೂ ಕೊಟ್ಟುಬಿಡಿ ಎಂದರು. ಹುಡುಕಿ ಕೊಡುತ್ತೇನೆ ಎಂದಳು. ಅದು ಡ್ರಾಯರಿನಲ್ಲಿ ಕೈಗೆ ಸಿಗುವ ಹಾಗೇ ಇತ್ತು. ಹುಡುಕುತ್ತೇನೆಂದು ಯಾಕೆ ಹೇಳಿದೆನೋ ಎಂದು ಮೆಟ್ಟಿಲಿಳಿಯುವಾಗ ತನ್ನನ್ನೇ ಕೇಳಿಕೊಂಡಳು. ಆದರೆ ಮೇಷ್ಟ್ರು ವಿಚಾರಣೆಯಲ್ಲಿ ಆ ಪುಸ್ತಕವನ್ನೇ ತರಿಸಬೇಕೆಂದು ಅರ್ಜಿ ಹಾಕಿದ್ದರು, ಅರ್ಜಿಯನ್ನು ತಳ್ಳಿಹಾಕಲು ಬರುವಂತಿರಲಿಲ್ಲ. ಇವಳಿಗೊಂದು ಫೋನೂ ಮಾಡಿರಲಿಲ್ಲ ಆ ಮನುಷ್ಯ. ಕಳೆದ ವಾರ ಬಸ್ ನಿಲ್ದಾಣದಲ್ಲಿ ಎದುರಾದಾಗ ಕೂಡ ಮಗಳು ಹೇಗಿದ್ದಾಳೆ, ಆಸ್ಪತ್ರೆಯ ಲ್ಯಾಬಿನ ಕೆಲಸ ಖಾಯಂ ಆಯಿತೇ ಎಂದು ವಿಚಾರಿಸಿ, ತಮ್ಮ ಬಸ್ಸು ಬಂದದ್ದೇ ಹತ್ತಿ ಹೋಗಿದ್ದರು. ಪುಸ್ತಕ ಬರಲಿ, ಓದುವವಳು ನೀವೇ ತಾನೆ, ಎಂದು ನಿರ್ದೇಶಕರು ಎರಡು ಸಲ ಹೇಳಿ ಕಳಿಸಿದ್ದರು.

ವಿಚಾರಣೆಯ ಕೋಣೆ ಮೊದಲು ಹಳೆಯ ಪೀಠೋಪಕರಣ ಇಡುವ ಜಾಗವಾಗಿತ್ತು; ಬಣ್ಣ ಹೊಡೆದಿದ್ದರೂ ಮರದ ಹುಡಿಯ ವಾಸನೆ ಹೋಗಿರಲಿಲ್ಲ. ಉದ್ದ ಮೇಜಿನ ತಲೆಯಲ್ಲಿ ಬೇರೆ ಇಲಾಖೆಯಿಂದ ಬಂದ ವಿಚಾರಣಾಧಿಕಾರಿ, ಅವರ ಎಡಕ್ಕೆ ನಿರ್ದೇಶಕರು, ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಹೇಳಿಕೆ ಬರೆದುಕೊಳ್ಳುವ ಹುಡುಗಿ. ಮೇಷ್ಟ್ರಿಗೆ ಮೇಜಿನ ಹತ್ತಿರ ಜಾಗ ಮಾಡಿರಲಿಲ್ಲ. ಗೋಡೆಯ ಪಕ್ಕದ ಕುರ್ಚಿಯಲ್ಲಿ ಕಡತವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ಅಂಗಿಯ ಕಾಲರು ಇಸ್ತ್ರಿಯಾಗಿತ್ತು. ಅವಳಿಗೆ ಅದನ್ನು ನೋಡಿ ಯಾಕೋ ಸಂಕಟವಾಯಿತು. ವಿಚಾರಣಾಧಿಕಾರಿ ಸೌಮ್ಯವಾಗಿಯೇ ಕೇಳಿದರು. ಎಷ್ಟು ವರ್ಷ ಸೇವೆ, ಅಂದು ಎಲ್ಲಿ ಕೂತಿದ್ದಿರಿ, ಮಾತು ಸರಿಯಾಗಿ ಕೇಳಿಸುತ್ತಿತ್ತೇ. ಆಮೇಲೆ ಆ ವಾಕ್ಯವನ್ನು ಓದಿ ಎಂದರು. ಮಧ್ಯದಿಂದ ಓದಲು ಬರುವುದಿಲ್ಲ, ಹಿಂದಿನ ಪುಟದಿಂದ ಓದಬೇಕಾಗುತ್ತದೆ ಎಂದಳು. ಒಪ್ಪಿದರು. ಅವಳು ಪುಟ ತೆಗೆದು ಓದತೊಡಗಿದಳು. ಬಸ್ಸಿನಲ್ಲಿ, ಮೆಟ್ಟಿಲ ಮೇಲೆ, ನೀರು ಕುಡಿಯುವಾಗ, ಏನು ಹೇಳಬೇಕೆಂದು ಅವಳು ಮೂರು ಬಗೆಯಾಗಿ ಯೋಚಿಸಿದ್ದಳು; ಓದಲು ಶುರು ಮಾಡಿದ ಮೇಲೆ ಆ ಮೂರೂ ಎಲ್ಲಿಗೋ ಹೋದವು. ಮೂವತ್ತೊಂದು ವರ್ಷ ಓದಿ ಒಪ್ಪಿಸಿದ ಅದೇ ಏರಿಳಿತವಿಲ್ಲದ ದನಿ. ಕಣ್ಣು ಗೀಟಿನ ಮೇಲೆ ಸರಿದಂತೆ ಬಾಯಿ ತಾನಾಗಿಯೇ ಆಡುತ್ತಿತ್ತು. ನಂಬಿಕೆ ಇಲ್ಲದವನಿಗೆ ಸರ್ಕಾರದ ಕುರ್ಚಿಯಲ್ಲಿ ಕೂರುವ ಯೋಗ್ಯತೆ ಇಲ್ಲ. ಮೇಲಿನವನು ನೋಡುತ್ತಿದ್ದಾನೆ ಎಂಬ ಹೆದರಿಕೆ ಇಲ್ಲದವನು. ಓದಿ ಮುಗಿಸಿ ತಲೆಯೆತ್ತಿದಾಗಲೇ ತಾನು ಏನು ಮಾಡಿದೆ ಎಂಬುದು ಅವಳಿಗೆ ಗೊತ್ತಾದದ್ದು. ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು.

"ಇನ್ನೊಂದು ಸಲ ಓದಿ," ಎಂದರು ವಿಚಾರಣಾಧಿಕಾರಿ. "ನಿಧಾನಕ್ಕೆ, ನೋಡಿಕೊಂಡು ಓದಿ."

ಬಾಗಿಲು ಇನ್ನೂ ಮುಚ್ಚಿಲ್ಲ, ಬೇಕಿದ್ದರೆ ಹಿಂದಕ್ಕೆ ಬನ್ನಿ ಎಂಬ ದಾಕ್ಷಿಣ್ಯ ಆ ದನಿಯಲ್ಲಿತ್ತು. ಮೊದಲ ಸಲ ಬಾಯಿ ಆಡಿದ್ದು ಅಭ್ಯಾಸ. ಅದನ್ನು ಕಣ್ಣು ಮಂಜಾಯಿತು, ಎರಡು ಗೀಟೂ ಒಂದೇ ಥರ ಇವೆ ಎಂದು ತಿದ್ದಿಕೊಳ್ಳಬಹುದಿತ್ತು, ಯಾರೂ ನಗುತ್ತಿರಲಿಲ್ಲ. ಅವಳು ಪುಟವನ್ನು ಹತ್ತಿರ ತಂದುಕೊಂಡಳು. ಗೀಟು ಗೀಟಾಗಿಯೇ ಇತ್ತು, ನಂಬಿಕೆ ಎಂಬುದರ ಮೊನಚಾದ ಕೊಕ್ಕೆ, ಅದರ ಪಕ್ಕ ಇಲ್ಲ ಎಂಬುದರ ಚುಕ್ಕೆ. ಅಂದು ಪೆನ್ಸಿಲನ್ನು ಒತ್ತಿ ಬರೆದಿದ್ದಳು, ಖುಷಿಯಿಂದ. ಎರಡನೆಯ ಸಲ ಒಂದೊಂದೇ ಪದ ಬಿಡಿಸಿ ಮೊದಲಿನ ಹಾಗೆಯೇ ಓದಿದಳು. ಈ ಸಲ ತಾನು ಓದುತ್ತಿರುವುದು ಅವಳಿಗೇ ಕೇಳಿಸಿತು.

ಹಾಗಾದರೆ ಅಧಿಕೃತ ಪ್ರತಿಯ ಕೆಳಗೆ ಇರುವ ಸಹಿ ಯಾರದು ಎಂದು ನಿರ್ದೇಶಕರು ಕೇಳಿದರು. ಅಮ್ಮ ಎನ್ನಲಿಲ್ಲ. "ನಂದೇ ಸರ್," ಎಂದಳು. "ಆ ಪ್ರತಿ ಸುಳ್ಳು. ನಾನೇ ಟೈಪ್ ಮಾಡಿ ಕೊಟ್ಟಿದ್ದು." ವಿಚಾರಣಾಧಿಕಾರಿ ಕನ್ನಡಕ ಒರೆಸಿಕೊಂಡು ಮೂಲೆಯ ಹುಡುಗಿಯ ಕಡೆ ತಿರುಗಿ ಹೇಳಿ ಬರೆಸತೊಡಗಿದರು: ಸಾಕ್ಷಿಯು ತಮ್ಮ ಟಿಪ್ಪಣಿಯನ್ನು ಓದುವಲ್ಲಿ ಗೊಂದಲಕ್ಕೀಡಾಗಿ, ತಾವು ಸಹಿ ಮಾಡಿದ ಪ್ರತಿಗೂ ಟಿಪ್ಪಣಿಗೂ ವ್ಯತ್ಯಾಸವಿರುವುದಾಗಿ, ಖಚಿತವಾಗಿ ನೆನಪಿಲ್ಲವೆಂದು. ಕೀಲಿಗಳ ಸದ್ದು ಮೃದುವಾಗಿ ಬರುತ್ತಿತ್ತು. ತನ್ನ ಮಾತು ತನ್ನ ಕಣ್ಣೆದುರೇ ಬೇರೆಯವರ ಮಾತಾಗಿ ಹಾಳೆಗೆ ಇಳಿಯುವುದನ್ನು ಅವಳು ಜೀವಮಾನದಲ್ಲಿ ಮೊದಲ ಸಲ ನೋಡಿದಳು. ಇಷ್ಟು ವರ್ಷ ಅವಳು ಆ ಮೂಲೆಯಲ್ಲಿ ಕೂತವಳೇ. "ನಾನು ಹಾಗೆ ಹೇಳಲಿಲ್ಲ," ಎಂದಳು. ಅದನ್ನು ಅಧಿಕಾರಿಗಿಂತ ಹೆಚ್ಚಾಗಿ ಹುಡುಗಿಗೇ ಹೇಳಿದ ಹಾಗಿತ್ತು. ಕೀಲಿಗಳ ಸದ್ದು ನಿಂತಿತು. ಹುಡುಗಿ ಅಧಿಕಾರಿಯ ಮುಖ ನೋಡಿದಳು, ಅವರು ಮುಂದುವರಿಸು ಎಂದು ಕೈಯಾಡಿಸಿದರು, ಅವಳು ಮುಂದುವರಿಸಿದಳು. ಪ್ರಿಂಟಾದ ಹಾಳೆ ಸಹಿಗೆ ಬಂದಾಗ ಪೆನ್ಸಿಲಕ್ಕ ನಿರ್ದೇಶಕರ ಕೈಲಿದ್ದ ಪೆನ್ನನ್ನೇ ಕೇಳಿ ತೆಗೆದುಕೊಂಡು, ಸಹಿಯ ಜಾಗಕ್ಕಿಂತ ಮೇಲೆ ದುಂಡಕ್ಷರದಲ್ಲಿ, ಶಾಲೆಯ ಮಕ್ಕಳೂ ಓದುವ ಹಾಗೆ, ಅಧ್ಯಕ್ಷರ ಎರಡು ವಾಕ್ಯಗಳನ್ನು ಪೂರ್ತಿ ಬರೆದು, ಇದು ನಾನು ಕೇಳಿದ್ದು, ಬರೆದುಕೊಂಡದ್ದು, ಇಂದು ಎರಡು ಸಲ ಓದಿದ್ದು ಎಂದು ಸೇರಿಸಿ, ಅದರ ಕೆಳಗೆ ಪೂರ್ಣ ಸಹಿ ಹಾಕಿದಳು. ಪೂರ್ಣ ಸಹಿ ಹಾಕಿ ಎಷ್ಟು ವರ್ಷವಾಗಿತ್ತೋ, ಕೊನೆಯ ಅಕ್ಷರ ಸೊಟ್ಟಗಾಯಿತು. ಮೇಷ್ಟ್ರು ಕಿಟಕಿಯಿಂದ ಮುಖ ತಿರುಗಿಸಿದ್ದರು.

ಹೊರಗೆ ಹಜಾರದಲ್ಲಿ ಅವರು ಅವಳಿಗೋಸ್ಕರ ನಿಂತಿದ್ದರು. ಥ್ಯಾಂಕ್ಸ್ ಎನ್ನುತ್ತಾರೇನೋ ಎಂಬ ಭಯಕ್ಕೆ ಅವಳೇ ಮೊದಲು ಬಾಯಿಬಿಟ್ಟಳು. "ಅವತ್ತು ನಾನೂ ಚಪ್ಪಾಳೆ ತಟ್ಟಿದ್ದೆ ಮೇಷ್ಟ್ರೇ."

"ನೋಡಿದೆ," ಎಂದರು.

ಇನ್ನೇನಾದರೂ ಹೇಳುತ್ತಾರೆಂದು ಅವಳು ಕಾದಳು. ಅವರು ಮೆಟ್ಟಿಲ ಕಡೆ ನಡೆದರು. ಇಬ್ಬರೂ ಮೆಟ್ಟಿಲಿಳಿದರು, ಅವರ ಮಂಡಿ ನೋವಿನಿಂದಾಗಿ ನಿಧಾನಕ್ಕೆ ಇಳಿಯಬೇಕಾಯಿತು.

ಒಂದು ತಿಂಗಳ ಮೇಲೆ ಆದೇಶಗಳು ಹೊರಬಿದ್ದವು. ಸಾಕ್ಷ್ಯದಲ್ಲಿ ಹೊಂದಾಣಿಕೆ ಇಲ್ಲದ್ದರಿಂದ ಮೇಷ್ಟ್ರ ಮೇಲಿನ ಆರೋಪ ಕೈಬಿಡಲಾಗಿದೆ. ಕೆಲಸಕ್ಕೆ ಹಾಜರಾಗಬಹುದು, ಆದರೆ ಊರಾಚೆ ಇರುವ ಹಳೆಯ ಗೆಜೆಟ್ಟುಗಳ ಉಗ್ರಾಣದಲ್ಲಿ. ಕರಡು ತಿದ್ದುವುದಕ್ಕೆ ಅಲ್ಲಿ ಏನೂ ಇಲ್ಲ, ಎಲ್ಲ ಅಚ್ಚಾಗಿ ಹೋದದ್ದು. ತಪ್ಪು ಪ್ರತಿಗೆ ಸಹಿ ಮಾಡಿದ್ದಕ್ಕಾಗಿ ಪೆನ್ಸಿಲಕ್ಕನಿಗೆ ಛೀಮಾರಿ, ಉಳಿದ ಅವಧಿಗೆ ಟಪಾಲು ವಿಭಾಗ. ಯಾವ ಪ್ರತಿ ತಪ್ಪು ಎಂದು ಆದೇಶದಲ್ಲಿ ಬರೆದಿರಲಿಲ್ಲ. ನೋಟ್‌ಪುಸ್ತಕವನ್ನು ಮುದ್ರೆ ಹಾಕಿ ಇಟ್ಟುಕೊಂಡರು. ಅಧ್ಯಕ್ಷರು ಇನ್ನೊಂದು ಊರಿನಲ್ಲಿ ಇನ್ನೊಂದು ಇಲಾಖೆಯ ಸಭೆಯಲ್ಲಿ, ನಂಬಿಕೆ ಎನ್ನುವುದು ಮನುಷ್ಯನಿಗೂ ಅವನ ದೇವರಿಗೂ ಬಿಟ್ಟ ವಿಚಾರ, ಸರ್ಕಾರ ಅದರಲ್ಲಿ ತಲೆ ಹಾಕುವುದಿಲ್ಲ ಎಂದರು. ಅಲ್ಲಿಯೂ ಜೋರು ಚಪ್ಪಾಳೆ ಬಿತ್ತೆಂದು ರೇಡಿಯೋ ಹೇಳಿತು. ಅದನ್ನು ಕೇಳಿ ಗಂಡ ರೇಡಿಯೋ ಆರಿಸಿದ. ವಿಚಾರಣೆಯ ದಿನ ಸಂಜೆಯಿಂದ ಅವನು ಟೀ ಲೋಟವನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ಹೋಗುತ್ತಿದ್ದ. "ಅವತ್ತು ಹೇಳಿದ್ದು ಸರಿಯಾಗೇ ಇತ್ತು," ಎಂದ. "ಹೇಳಿದ ಮೇಲೆ ಹೇಳೇ ಇಲ್ಲ ಅನ್ನೋದು ಏನು? ದೇವರ ಹೆಸರು ಎತ್ತಿದ್ದಕ್ಕೆ ನಾಚಿಕೆ ಬಂತೇನು ಅವರಿಗೆ?" ಮಾರನೆಯ ದಿನದಿಂದ ಲೋಟ ಕೈಗೆ ಬಂತು. ಅವನು ತನ್ನ ಪಕ್ಕ ಬಂದದ್ದು ಬೇರೆಯೇ ದಾರಿಯಿಂದ ಎಂದು ಅವಳಿಗೆ ಗೊತ್ತಿತ್ತು, ತಿದ್ದಲು ಹೋಗಲಿಲ್ಲ.

ಟಪಾಲು ವಿಭಾಗ ನೆಲಮಾಳಿಗೆಯಲ್ಲಿತ್ತು. ಲಕೋಟೆ ತೂಗುವುದು, ಅಂಟಿಸುವುದು, ಮುದ್ರೆ ಒತ್ತುವುದು. ತಲೆಗೆ ಕೆಲಸವಿರಲಿಲ್ಲ, ಬೇಡದ ಯೋಚನೆಗಳಿಗೆ ಬೇಕಾದಷ್ಟು ಜಾಗ. ಒಂದು ಶನಿವಾರ ಮಧ್ಯಾಹ್ನ ಮೇಷ್ಟ್ರು ಉಗ್ರಾಣದಿಂದ ಒಂದು ಕಟ್ಟು ಕಾಗದ ಹೊತ್ತುಕೊಂಡು ಬಂದರು. ಯಾವುದೋ ಜಿಲ್ಲೆಗೆ ಹಳೆಯ ಗೆಜೆಟ್ಟಿನ ನಕಲು ಕಳಿಸಬೇಕಿತ್ತು. ಕಟ್ಟನ್ನು ಕಟ್ಟೆಯ ಮೇಲಿಟ್ಟು, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, ಅಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ ಅಕ್ಕ. ಅವತ್ತು ಎರಡನೇ ಸಲ ಓದಿದ್ರಲ್ಲ, ಮೇಲಿನವನು ನೋಡ್ತಿದ್ದಾನೆ ಅಂತಾನಾ?"

ಅವರ ಮುಖದಲ್ಲಿ ಕೀಟಲೆ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕಿತ್ತು ಆ ಮನುಷ್ಯನಿಗೆ. ಹೌದು ಎಂದರೆ ಇಪ್ಪತ್ತಾರು ವರ್ಷದ ಎದುರು ಮೇಜಿನ ವಾದ ಅವಳ ಕಡೆ ಮುಗಿಯುತ್ತಿತ್ತು, ಡಾಕ್ಟರ ಬಗೆಗಿನ ಆ ಹಳೆಯ ಮಾತಿಗೂ ಉತ್ತರವಾಗುತ್ತಿತ್ತು, ಅವರು ಒಪ್ಪಿಕೊಂಡು ತಲೆಯಾಡಿಸುತ್ತಿದ್ದರು. ಹೌದು ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ಅವಳು ಆ ಕೋಣೆಯನ್ನು, ಮರದ ಹುಡಿಯ ವಾಸನೆಯನ್ನು, ಪುಟದ ಮೇಲಿನ ಕೊಕ್ಕೆಯನ್ನು ಮತ್ತೆ ಕಣ್ಣ ಮುಂದೆ ತಂದುಕೊಂಡು ಹುಡುಕಿದಳು. ಅಲ್ಲಿ ಅವಳೊಬ್ಬಳೇ ಇದ್ದಳು.

"ಇಲ್ಲ ಮೇಷ್ಟ್ರೇ. ಆಗ ಅವನ ನೆನಪೇ ಬರಲಿಲ್ಲ."

"ನನ್ನ ನೆನಪು?"

"ನಿಮ್ಮದೂ ಇಲ್ಲ."

ಅವರು ಗೆದ್ದವರ ಹಾಗೆ ನಗಲಿಲ್ಲ. ಕಟ್ಟನ್ನು ಅವಳ ಕಡೆ ಸ್ವಲ್ಪ ತಳ್ಳಿ, ರಸೀದಿ ಬೇಕಾಗುತ್ತದೆ ಎಂದರು. ಅವಳು ಕಟ್ಟನ್ನು ತಕ್ಕಡಿಗೆ ಏರಿಸಿದಳು. ತೂಕವನ್ನು ಎರಡು ಸಲ ಓದಿ ರಸೀದಿಯಲ್ಲಿ ಬರೆದಳು. ನೆನಪೇ ಬರಲಿಲ್ಲ ಎಂಬ ಆ ಮಾತನ್ನು ಅವಳು ಮೊದಲು ಯಾರಿಗೆ ಹೇಳಬೇಕಿತ್ತೋ ಆ ಮೇಲಿನವನಿಗೆ ಇನ್ನೂ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಮಂಚದ ತುದಿಯಲ್ಲಿ ಪ್ರಾರ್ಥನೆಗೆ ಕೂತು ಬೇರೆ ಏನೇನೋ ಹೇಳಿ ಏಳುತ್ತಿದ್ದಳು.